ಹಾಕಿಕೊಳ್ಳುವವರ ಬಲಗಡೆ

ಕಿಟಕಿಯ ಸರಳು ಯಾವಾಗ ಬಾಗಿತೋ ಅವನಿಗೆ ಗೊತ್ತಾಗಲಿಲ್ಲ. ಐದು ಸರಳುಗಳಲ್ಲಿ ನಡುವಿನದು, ಸರಿಯಾಗಿ ಅರ್ಧದಲ್ಲಿ, ಯಾರೋ ಮೊಣಕಾಲು ಕೊಟ್ಟು ಜಗ್ಗಿದ ಹಾಗೆ ಒಳಕ್ಕೆ ಬಾಗಿತ್ತು. ಅವನು ಬೆಂಚಿನಿಂದ ಎದ್ದು ಹೋಗಿ ಬೆರಳಿನಿಂದ ಸವರಿ ನೋಡಿದ. ನೆಟ್ಟಗಿತ್ತು. ಬೆರಳಿಗೆ ನೆಟ್ಟಗಿದ್ದದ್ದು ಕಣ್ಣಿಗೆ ಬಾಗಿರುವುದೆಂದರೇನು ಎಂದು ಯೋಚಿಸದೆ, ಹತ್ತಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ವಾಪಸ್ಸು ಬಂದು ಕೂತ. ಹೀಗೆ ಯೋಚಿಸದೆ ಇರುವುದನ್ನು ಅವನು ಎರಡು ತಿಂಗಳಿಂದ ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದ. ಕಂಪ್ಯೂಟರು ಇವತ್ತು ಏಳುವುದಕ್ಕೇ ಹತ್ತು ನಿಮಿಷ ತೆಗೆದುಕೊಂಡಿತ್ತು. ಎದ್ದ ಕೂಡಲೇ ಕರಿಯ ಚೌಕವೊಂದು ಮಿಂಚಿ ಮಾಯವಾಯಿತು, ಹದಿನೈದು ದಿನಗಳಿಂದ ಮಿಂಚುತ್ತಿದ್ದ ಹಾಗೆಯೇ. ಆದರೆ ಇವತ್ತು ಅದರ ಬೆನ್ನಿಗೇ ಕೆಂಪು ಅಂಚಿನ ಇನ್ನೊಂದು ಚೌಕ ಬಂದು ಪರದೆಯ ನಟ್ಟನಡುವೆ ಕೂತುಬಿಟ್ಟಿತು. ಓದಲು ಅವನು ತಲೆಯನ್ನು ಓರೆ ಮಾಡಿದ. ಈಗೀಗ ಎಲ್ಲವನ್ನೂ ಹೀಗೇ, ಕೋಳಿ ಕಾಳು ನೋಡುವ ಹಾಗೆ ನೋಡುತ್ತಿದ್ದ. ‘ಅನುಮಾನಾಸ್ಪದ’ ಎಂಬ ಮಾತು ಸಿಕ್ಕಿತು. ‘ಟ್ರೋಜನ್’ ಎಂಬುದು ಸಿಕ್ಕಿತು. ‘ತೆಗೆಯಲಾಗಲಿಲ್ಲ, ಫೈಲು ಬಳಕೆಯಲ್ಲಿದೆ’ ಎಂಬುದು ಎರಡು ಸಲ ನೋಡಿದ ಮೇಲೆ ಸಿಕ್ಕಿತು. ಅದರ ಕೆಳಗಿನ ಸಣ್ಣ ಅಕ್ಷರದ ಉದ್ದ ಸಾಲು ಮಾತ್ರ, ನೋಡಿದಲ್ಲೆಲ್ಲ ಒದ್ದೆ ಬೆರಳಿನಿಂದ ಒರೆಸಿದಂತೆ ಅಳಿಸಿಕೊಂಡು ಹೋಯಿತು. ಅಳಿಸಿದ ಜಾಗ ಅವನ ನೋಟದ ಜೊತೆಗೇ ನಡೆಯುತ್ತಿತ್ತು.

ಅಂಗಡಿಯ ಮುಂಭಾಗದಲ್ಲಿ ಗಾಜಿನ ಕಪಾಟುಗಳು, ಉದ್ದ ಕನ್ನಡಿಗಳು, ಭಾವನ ಮೇಜು. ಅದರ ಪಕ್ಕದ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಅಕ್ಕನ ಮಗಳು ಬಂದವರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಬಾಗಿಲ ಪರದೆ ಸರಿಸಿಕೊಂಡು ಹಿಂದಕ್ಕೆ ಬಂದರೆ ಇವನ ಕೋಣೆ. ಚೀಟಿ, ಫ್ರೇಮು, ಇನ್ನೂ ಆಕಾರ ಬಾರದ ಎರಡು ದುಂಡನೆಯ ಗಾಜು, ಎಲ್ಲ ಒಂದು ತಟ್ಟೆಯಲ್ಲಿ ಬರುತ್ತವೆ. ಇವನು ಒಂದೊಂದೇ ಗಾಜನ್ನು ಅಳತೆಯ ಯಂತ್ರದ ಕೆಳಗಿಟ್ಟು, ಕೊಳವೆಗೆ ಕಣ್ಣು ಹಚ್ಚಿ, ಒಳಗಿನ ಹಸಿರು ಗೆರೆಗಳು ನೆಟ್ಟಗಾಗುವ ತನಕ ತಿರುಗಿಸಿ, ಗಾಜಿನ ಮೇಲೆ ಮೂರು ಚುಕ್ಕೆ ಮಸಿ ಇಡಬೇಕು. ಆಮೇಲೆ ಅರೆಯುವುದು ಮಶೀನಿನ ಕೆಲಸ. ಫ್ರೇಮಿನ ಆಕಾರ ಹೀಗೆ ಹೀಗೆ ಎಂದು ಮಶೀನಿಗೆ ಹೇಳಿಕೊಡುವುದು ಕಂಪ್ಯೂಟರಿನ ಕೆಲಸ. ಮೂರು ಚುಕ್ಕೆ ಮಾತ್ರ ಮನುಷ್ಯನದು. ಚುಕ್ಕೆ ಓರೆಯಾದರೆ ಹಾಕಿಕೊಂಡವರ ನೆಲವೇ ಓರೆಯಾಗುತ್ತದೆ. ಇದನ್ನು ಕಲಿಸಿದವರು ಭಾವನ ಅಪ್ಪ, ಎಲ್ಲರೂ ಹಿರೀಕರು ಅನ್ನುತ್ತಿದ್ದವರು. ಅವರು ಹೋಗಿ ಹನ್ನೆರಡು ವರ್ಷವಾಯಿತು. ಅಕ್ಕನ ಮದುವೆಯಾದ ವರ್ಷವೇ ಇವನು ಇಲ್ಲಿಗೆ ಬಂದದ್ದು, ಹಾಗಾಗಿ ಭಾವ ಈಗಲೂ ನೆಂಟರೆದುರಿಗೆ, “ಇವನು ನನ್ನ ಹೆಂಡತಿ ಟ್ರಂಕಿನ ಜೊತೆ ಬಂದ ಸಾಮಾನು, ರಸೀತಿ ಇಲ್ಲ, ವಾಪಸ್ ತಗೊಳಲ್ಲ” ಎಂದು ನಗಿಸುತ್ತಾನೆ. ಇವನೂ ನಗುತ್ತಾನೆ. ಮೊದಲ ದಿನ ಹಿರೀಕರು ಒಂದು ಫ್ರೇಮನ್ನು ಎದುರಿಗೆ ಹಿಡಿದು, “ಬಲಗಡೆ ಗಾಜು ಯಾವ್ದೋ?” ಎಂದು ಕೇಳಿದ್ದರು. ಇವನು ತನ್ನ ಬಲಕ್ಕಿದ್ದದ್ದನ್ನು ಮುಟ್ಟಿದ. ಕನ್ನಡಕದ ಡಬ್ಬಿಯಿಂದ ಬೆನ್ನಿಗೊಂದು ಬಿತ್ತು. “ಯಾರ ಬಲ? ನೀನು ಎದುರಿಗೆ ಕೂತಿರೋನು. ನಿನ್ನ ಬಲ ತಗೊಂಡು ಯಾರಿಗೇನಾಗಬೇಕು? ಹಾಕ್ಕೊಳ್ಳೋರ ಬಲಾನೇ ಬಲ.” ಹದಿನೈದು ದಿನ ಡಬ್ಬಿಯ ಏಟು ತಿಂದ ಮೇಲೆ ಅದು ಮೈಗೆ ಹತ್ತಿತು, ಹತ್ತಿದ್ದು ಬಿಡಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಬೆಂಚಿನ ಮುಂದೆ ಕೂತರೆ ಅವನಿಗೆ ಬಲ ಎಂದರೆ ತನ್ನ ಎಡಕ್ಕಿರುವುದು. ರಸ್ತೆಯಲ್ಲಿ ಯಾರಾದರೂ ವಿಳಾಸ ಕೇಳಿದರೂ ಅಷ್ಟೆ. ಒಮ್ಮೆ ಅಂಚೆ ಕಚೇರಿ ಕೇಳಿದವರನ್ನು ರೈಲು ಹಳಿಯ ಕಡೆ ಕಳಿಸಿದ್ದ. “ಇವರ ಹತ್ರ ದಾರಿ ಕೇಳೋದಾದ್ರೆ ಬೆನ್ನು ಹಾಕಿ ನಿಂತು ಕೇಳಿ” ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಾಳೆ.

“ಅಣ್ಣಾ, ಅದೇನದು ಕೆಂಪಗೆ? ಅಯ್ಯೋ, ಬಾಂಬ್ ಥರಾ ಇದೆ” ಎಂದು ಬಾಗಿಲ ಪರದೆ ಸರಿಸಿ ತಲೆ ಹಾಕಿದಳು ರೇಡಿಯೋ. ಬಂದವರ ಹೆಸರು ಬರೆದುಕೊಂಡು ಕೂರಿಸುವುದು, ತಟ್ಟೆಗೆ ಚೀಟಿ ಅಂಟಿಸಿ ಒಳಗೆ ತಂದಿಡುವುದು ಅವಳ ಕೆಲಸ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಭಾವ ಇಟ್ಟ ಹೆಸರು ರೇಡಿಯೋ. ಅವಳ ಕೂಗಿಗೆ ಭಾವನೂ ಬಂದ. ಕೆಂಪು ಚೌಕವನ್ನು ಬಗ್ಗಿ ಓದಿದ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. ಆಮೇಲೆ ಅವನ ಮುಖದಲ್ಲಿ ಮೆಲ್ಲಗೆ ಒಂದು ಸಂತೋಷ ಹರಡಿದ್ದು ಇವನಿಗೆ ಓರೆಗಣ್ಣಿನಲ್ಲಿ ಕಂಡಿತು, ಯಾಕೆಂದು ಅರ್ಥವಾಗಲಿಲ್ಲ. “ನೋಡಿದ್ಯೇನಯ್ಯಾ!” ಎಂದು ಭಾವ ಇವನ ಬೆನ್ನಿಗೆ ಬಾರಿಸಿದ. “ಇದೇ ಕಣೋ! ಮೂರು ಕನ್ನಡಕ ವಾಪಸ್ ಬಂತಲ್ಲ, ಆ ಟೀಚರಮ್ಮ ಮೆಟ್ಟಲಿಳಿಯೋವಾಗ ತಲೆ ಸುತ್ತುತ್ತೆ ಅಂದ್ಲಲ್ಲ, ನಾನು ಎಲ್ಲೋ ನಿನ್ನ ಕೈ ತಪ್ಪುತ್ತಿದೆ ಅಂತ ತಿಳ್ಕೊಂಡಿದ್ದೆ. ನಿಮ್ಮಕ್ಕನ ಹತ್ರಾನೂ ಹೇಳಿದ್ದೆ, ಪಾಪ, ವಯಸ್ಸಾಯ್ತು ನಿನ್ನ ತಮ್ಮಂಗೆ ಅಂತ. ಕೈಯಲ್ಲ ಕಣೋ. ಇದು! ಮಶೀನಿಗೆ ಸುಳ್ಳು ಹೇಳಿಕೊಡ್ತಾ ಇತ್ತು.” ಅಪ್ಪನ ಡಬ್ಬಿ ಬೀಳುತ್ತಿದ್ದ ಜಾಗದಲ್ಲೇ ಮಗನ ಪ್ರೀತಿಯ ಕೈ ಬಿದ್ದಿತ್ತು, ಎರಡಕ್ಕೂ ಒಂದೇ ಉರಿ. ಅಲ್ಲ ಭಾವ, ಚುಕ್ಕೆ ಇಡೋದು ಮಶೀನಲ್ಲ ಎನ್ನಬೇಕಿತ್ತು. ಬದಲಿಗೆ ಅವನು, “ಇರಬಹುದು” ಎಂದ. ಎಂದ ಮೇಲೆ, ಇರಬಹುದಲ್ಲವೇ, ಯಾಕಾಗಬಾರದು, ಎಂದು ತನಗೇ ಅನ್ನಿಸತೊಡಗಿತು.

“ಇದು ತಾನಾಗಿ ಬರಲ್ಲ. ಯಾರೋ ಬರಮಾಡ್ಕೊಂಡಿರ್ತಾರೆ” ಎಂದು ಭಾವ ರೇಡಿಯೋ ಕಡೆ ತಿರುಗಿದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಈ ಕಂಪ್ಯೂಟರಿನಲ್ಲಿ ಹಾಡು ಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು. ಮುಂಭಾಗದ ಕಂಪ್ಯೂಟರಿಗೆ ದನಿ ಇಲ್ಲ. “ನಾನು ಬರೀ ಹಾಡು ಕೇಳೋದು ಸಾರ್, ಏನೂ ಇಳಿಸ್ಕೊಳ್ಳಲ್ಲ, ದೇವರಾಣೆ” ಎಂದಳು. “ಹಾಡಿನ ಜೊತೇಲಿ ಇದೂ ಬಂದಿದೆ. ಮೂರು ಜನರ ಕಣ್ಣು ಕೆಡಿಸಿದ್ಯಲ್ಲಮ್ಮ ನೀನು. ಸಂಜೆಗೆ ಬೀಗದ ಕೈ ಕೊಟ್ಟು ಹೋಗು. ನಾಳೆಯಿಂದ ಬೇರೆ ಕಡೆ ಹಾಡ್ಕೋ.” ಭಾವ ಕೆಟ್ಟವನಲ್ಲ, ಮಾತು ಮುಗಿಯುವಾಗ ಅವನ ದನಿಯೂ ಸ್ವಲ್ಪ ಇಳಿದಿತ್ತು. ಆದರೆ ಇಳಿದ ದನಿಯನ್ನು ಮತ್ತೆ ಎತ್ತಿ ಮಾತು ಬದಲಾಯಿಸುವ ಜಾತಿಯವನೂ ಅಲ್ಲ. ರಿಪೇರಿಯವನಿಗೆ ಫೋನು ಮಾಡು ಎಂದು ಇವನಿಗೆ ಹೇಳಿ ಹೊರಟುಹೋದ. ರೇಡಿಯೋ ಪರದೆಯ ಅಂಚು ಹಿಡಿದು ನಿಂತೇ ಇದ್ದಳು. ಮಾತಾಡಲಿಲ್ಲ. ಹಾಗೆ ಮಾತಿಲ್ಲದ ಅವಳ ಮುಖ ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ನೋಡಲು ತಿರುಗಿದರೆ ಅದೂ ನಡುವೆ ಒರೆಸಿಹೋಯಿತು, ಮೂಗಿರಬೇಕಾದ ಕಡೆ ಬೂದಿ ಬಣ್ಣ, ಸುತ್ತಲೂ ಕೂದಲು, ಕಿವಿಯ ಓಲೆ. ಓಲೆ ನಡುಗುತ್ತಿತ್ತು.

ಹದಿನೈದು ದಿನದ ಹಿಂದೆ, ಒಂದು ಮಧ್ಯಾಹ್ನ. ಭಾವ ಮನೆಗೆ ಊಟಕ್ಕೆ ಹೋಗಿದ್ದ, ಅಕ್ಕನ ಮಗಳು ತನ್ನ ಕೋಣೆಯಲ್ಲಿ ಕದ ಹಾಕಿಕೊಂಡು ಯಾರಿಗೋ ಅಕ್ಷರ ಓದಿಸುತ್ತಿದ್ದಳು. “ಮೇಲಿಂದ ಎರಡನೇ ಸಾಲು… ಆತುರ ಬೇಡ… ಕಂಡಷ್ಟು ಹೇಳಿ.” ಹತ್ತು ಹೆಜ್ಜೆ. ಹೋಗಿ, ಮಗಳೇ, ನನ್ನದೂ ಒಂದು ನೋಡು ಅಂದಿದ್ದರೆ ಆಗುತ್ತಿತ್ತು. ಈ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವನು ಅವನು; ಅವಳಿಗೆ ಐದು ವರ್ಷವಾಗಿದ್ದಾಗ ಮೊದಲ ಕನ್ನಡಕ ಅರೆದುಕೊಟ್ಟವನು. ಹಾಕಿಕೊಂಡು ಬಾಗಿಲಿಗೆ ಬಂದು, “ಮಾವ, ಮರಕ್ಕೆ ಎಲೆ ಇದೆ” ಎಂದಿದ್ದಳು. ಅವಳೆದುರು ಆ ಕುರ್ಚಿಯಲ್ಲಿ ಕೂತು, ಕಾಣಲ್ಲ ಎಂದು ಹೇಳುವುದೇ? ಬದಲಿಗೆ ಅವನು ಕಂಪ್ಯೂಟರಿನಲ್ಲಿ ಹುಡುಕಿದ. ‘ನಿಮ್ಮ ಕಣ್ಣು ನೀವೇ ಪರೀಕ್ಷಿಸಿಕೊಳ್ಳಿ, ಯಾರಿಗೂ ತಿಳಿಯದಂತೆ, ಉಚಿತ’ ಎಂದು ಒಂದು ಕಡೆ ಬರೆದಿತ್ತು. ‘ಯಾರಿಗೂ ತಿಳಿಯದಂತೆ’ ಎನ್ನುವುದು ಇವನಿಗೆಂದೇ ಬರೆದ ಹಾಗಿತ್ತು. ಒಪ್ಪಿಗೆಯೇ ಎಂದು ಕೇಳಿತು. ಹೌದು. ಒಳಗೆ ಬರಲೇ ಎಂದು ಕೇಳಿತು. ಹೌದು. ಬದಲಾವಣೆ ಮಾಡಲೇ ಎಂದು ಕೇಳಿತು. ಹೌದು, ಹೌದು. ಕರಿಯ ಚೌಕವೊಂದು ಮಿಂಚಿ ಹೋಯಿತು, ಪರೀಕ್ಷೆ ಗಿರೀಕ್ಷೆ ಏನೂ ಬರಲಿಲ್ಲ. ಬಾರದೆ ಇದ್ದದ್ದಕ್ಕೆ ಆಗ ಎಂಥಾ ನೆಮ್ಮದಿಯಾಯಿತೆಂದರೆ, ಪರೀಕ್ಷೆಯಲ್ಲಿ ಪಾಸಾದವನ ಹಾಗೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದಿದ್ದ.

ರಿಪೇರಿಯವನು ಫೋನಿನಲ್ಲಿ ಏದುಸಿರು ಬಿಡುತ್ತಿದ್ದ. “ನಾನಿಲ್ಲಿ ಒಂದು ಆಫೀಸಿನ ಮೇಜಿನ ಕೆಳಗೆ ಮಲಗಿದೀನಿ ಅಣ್ಣ, ಸಂಜೆ ತನಕ ಏಳಕ್ಕಾಗಲ್ಲ. ಗಾಬರಿ ಬೇಡ, ನಾನು ಹೇಳ್ತೀನಿ ನೀವು ಮಾಡಿ. ಮೊದ್ಲು ನೆಟ್ ವೈರ್ ಕಿತ್ತಾಕಿ. ಕಿತ್ತಿರಾ? ಈಗ ಅದು ಹೊರಗೆ ಯಾರ ಹತ್ರಾನೂ ಮಾತಾಡಂಗಿಲ್ಲ. ಟ್ರೋಜನ್ ಅಂದ್ರೆ ಏನ್ಗೊತ್ತಾ? ಕದ ಒಡ್ಕೊಂಡು ಬರೋ ಕಳ್ಳ ಅಲ್ಲ. ನೀವೇ ಕದ ತೆಗೆದು ಬನ್ನಿ ಕೂತ್ಕೊಳ್ಳಿ ಅಂದಿರ್ತೀರ. ನೆಂಟ್ರ ಥರಾ ಬಂದು ನೆಂಟ್ರ ಥರಾನೇ ಇರುತ್ತೆ. ಮನೆಯವ್ರ ಬಟ್ಟೇನೇ ಹಾಕ್ಕೊಂಡಿರುತ್ತೆ.” ನೆಂಟರ ಥರ ಎಂದಾಗ ಅವನು ಮೇಜಿನ ಮೇಲಿದ್ದ ತನ್ನ ಕೈಯನ್ನು ನೋಡಿದ. ಇಪ್ಪತ್ತೆಂಟು ವರ್ಷದಿಂದ ಈ ಕೋಣೆಯಲ್ಲಿ ಕೂತಿರುವ ಕೈ. ಎರಡು ತಿಂಗಳಿಂದ ಏನನ್ನೋ ಒಳಗಿಟ್ಟುಕೊಂಡು, ಏನೂ ಆಗಿಲ್ಲದವರ ಹಾಗೆ ಬಂದು ಹೋಗುತ್ತಿರುವ ಕೈ. “ಅಣ್ಣಾ, ಲೈನಲ್ಲಿದೀರಾ? ಚೌಕದಲ್ಲಿ ಫೈಲಿನ ಹೆಸರಿದೆಯಲ್ಲ, ಓದಿ.” ಅವನು ತಲೆ ಓರೆ ಮಾಡಿದ, ನೇರ ಮಾಡಿದ, ಕನ್ನಡಕ ತೆಗೆದ, ಹಾಕಿದ. “ಅಕ್ಷರ ಬಹಳ ಸಣ್ಣ…” ಎಂದ. ಪರದೆ ಹಿಡಿದು ನಿಂತಿದ್ದ ರೇಡಿಯೋ ಹತ್ತಿರ ಬಂದಳು. “ಕೊಡಿ ಅಣ್ಣ, ನಾನು ಓದ್ತೀನಿ. ಹೆಂಗೂ ನನ್ನಿಂದ ಬಂದಿದ್ದಂತೆ, ನಾನೇ ತಿಥಿ ಮಾಡ್ತೀನಿ” ಎಂದು ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು. ಓದಿದಳು. ಹೆಸರು ಅರೆಯುವ ಮಶೀನಿನ ಪ್ರೋಗ್ರಾಮಿನದೇ.

“ಹಂಗೇ ಇರುತ್ತೆ. ವೇಷ” ಎಂದ ರಿಪೇರಿಯವನು. “ಅಸಲಿ ಒಂದು, ನಕಲಿ ಒಂದು ಇರುತ್ತೆ. ಹೆಸರೂ ಅದೇ, ಚಿತ್ರಾನೂ ಅದೇ. ಇರೋ ಜಾಗ ಬೇರೆ, ಹುಟ್ಟಿದ ತಾರೀಖು ಬೇರೆ. ಎರಡೂ ಜಾಗ ತೆಗೆದು ಅಕ್ಕಪಕ್ಕ ಇಟ್ಕೊಳ್ಳಿ.” ಅವನು ಹೇಳಿಕೊಟ್ಟಂತೆ ರೇಡಿಯೋ ಓದುತ್ತ, ಇವನು ಒತ್ತುತ್ತ, ಮೊದಲು ಓಡುತ್ತಿದ್ದ ನಕಲಿಯನ್ನು ನಿಲ್ಲಿಸಿದರು, ಅಲ್ಲಿಗೆ ಕಂಪ್ಯೂಟರಿನ ಒಳಗಿನ ಫ್ಯಾನಿನ ಗೊರಗೊರ ಇಳಿಯಿತು. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಎರಡು ಕಿಟಕಿಗಳು ಪಕ್ಕಪಕ್ಕಕ್ಕೆ ಬಂದು ನಿಂತವು. ಒಂದೊಂದರಲ್ಲೂ ಒಂದೊಂದು ನೀಲಿ ದುಂಡು ಚಿತ್ರ, ಮಶೀನಿನ ಕಂಪನಿಯದು. ಎರಡು ನೀಲಿ ದುಂಡುಗಳು, ನಡುವೆ ಒಂದು ಪಟ್ಟಿ. ಯಾರೋ ಮುಖವಿಲ್ಲದವರು ಕನ್ನಡಕ ಹಾಕಿಕೊಂಡು ಅವನನ್ನೇ ನೋಡುತ್ತಿದ್ದ ಹಾಗಿತ್ತು. “ತಾರೀಖು ಓದಮ್ಮ.” ರೇಡಿಯೋ ಪರದೆಗೆ ಮೂಗು ತಾಗಿಸಿದಳು. “ಎಡಗಡೆದು ನಾಲ್ಕು ವರ್ಷದ ಹಿಂದಿಂದು. ಬಲಗಡೆದು… ಈ ತಿಂಗಳು ಹನ್ನೊಂದು. ಮಧ್ಯಾಹ್ನ ಒಂದು ಇಪ್ಪತ್ತು.” “ಅದೇ ಅದು! ಸಿಕ್ತು ಕಳ್ಳ. ಬಲಗಡೆದು ತೆಗೆದುಬಿಡಿ. ಪೂರ್ತಿ ತೆಗೀರಿ, ಕಸದ ಬುಟ್ಟೀಲೂ ಇರಬಾರ್ದು, ಅಲ್ಲಿಂದ್ಲೂ ಎದ್ದು ಬಂದಾವು.” ರೇಡಿಯೋ ಎದ್ದು ನಿಂತಳು. “ಹನ್ನೊಂದು” ಎಂದಳು, ಬೆರಳು ಮಡಿಸುತ್ತ. “ಹನ್ನೊಂದು ಅಂದ್ರೆ ಇವತ್ತಿಗೆ ಹದಿನೈದು… ಮಂಗಳವಾರ…” ಅಷ್ಟರಲ್ಲಿ ಮುಂದಿನ ಬಾಗಿಲಿನ ಗಂಟೆ ಬಾರಿಸಿತು, ಭಾವ ಅವಳನ್ನು ಕೂಗಿದ, ಅವಳು ಬೆರಳು ಮಡಿಸಿಕೊಂಡೇ ಹೋದಳು.

ಮಂಗಳವಾರ. ಅವಳಿಗೆ ಇನ್ನೂ ಹೊಳೆದಿಲ್ಲ, ಅವನಿಗೆ ಹೊಳೆದಿತ್ತು. ಅವತ್ತು ಅವಳು ಕೆಲಸಕ್ಕೇ ಬಂದಿರಲಿಲ್ಲ. ಅದಕ್ಕೇ ಕೋಣೆ ಅಷ್ಟು ನಿಶ್ಶಬ್ದವಾಗಿತ್ತು, ಹಾಡಿರಲಿಲ್ಲ, ಅದಕ್ಕೇ ಅವನಿಗೆ ಅಷ್ಟು ಧೈರ್ಯ ಬಂದಿತ್ತು. ಈ ಫೈಲಿನ ಹಣೆಯ ಮೇಲೆ ಅವಳು ಇರಲಿಲ್ಲ ಎಂದು ಬರೆದಿದೆ. ತೆಗೆದರೆ ಅದೂ ಹೋಗುತ್ತದೆ. ಆಮೇಲೆ ಅವಳು ಎಷ್ಟು ಬೆರಳು ಮಡಿಸಿದರೂ ತೋರಿಸುವುದಕ್ಕೆ ಏನಿರುತ್ತದೆ? ತೆಗೆದರೆ ಇನ್ನೊಂದೂ ಹೋಗುತ್ತದೆ. ಟ್ರೋಜನ್ ಇಲ್ಲದ ಕಂಪ್ಯೂಟರಿನಿಂದ ನಾಳೆ ಅರೆದ ಕನ್ನಡಕವೂ ಓರೆಯಾಗಿ ವಾಪಸ್ಸು ಬಂದರೆ ಆಗ ಯಾರ ಬೆನ್ನು ತಟ್ಟುತ್ತಾನೆ ಭಾವ? ಮಶೀನಿನ ಪಕ್ಕದಲ್ಲಿ ಒಂದು ತಟ್ಟೆ ಸಿದ್ಧವಾಗಿ ಕೂತಿತ್ತು, ನಿನ್ನೆ ಮುಗಿಸಿದ್ದು, ಬಸ್ಸಿನ ಡ್ರೈವರದು. ಸಂಜೆ ಪಾಳಿಗೆ ಮುಂಚೆ ಬಂದು ಒಯ್ಯುತ್ತೇನೆ ಎಂದಿದ್ದ. ಒಳ್ಳೆಯ ಮನುಷ್ಯ. “ರಾತ್ರಿ ಎದುರಿನ ದೀಪ ಗೆರೆ ಗೆರೆಯಾಗಿ ಕಾಣುತ್ತೆ, ಅದೊಂದು ಸರಿ ಮಾಡ್ಕೊಡಿ ಯಜಮಾನ್ರೇ” ಎಂದು ಇವನ ಕೈ ಹಿಡಿದಿದ್ದ. ಆ ಗಾಜಿಗೆ ಚುಕ್ಕೆ ಇಡುವಾಗ ಹಸಿರು ಗೆರೆಗಳು ನೆಟ್ಟಗಾಗಲೇ ಇಲ್ಲ, ತಿರುಗಿಸಿದಷ್ಟೂ ನಡುವೆ ಹೊಟ್ಟೆ ಬಿಟ್ಟುಕೊಂಡವು. ಕೊನೆಗೆ ಇಷ್ಟಿರಬಹುದು ಎಂದು ಅಂದಾಜಿನ ಮೇಲೆ ಇಟ್ಟಿದ್ದ. ಅಂದಾಜು ಇಪ್ಪತ್ತೆಂಟು ವರ್ಷದ್ದು, ಸುಮ್ಮನೆ ಅಲ್ಲ. ಆದರೂ ಅಂದಾಜು. “ಅಣ್ಣಾ, ತೆಗೆದ್ರಾ? ಬಲಗಡೆದು” ಎಂದಿತು ಫೋನು. “ತೆಗೀತಿದೀನಿ” ಎಂದ. ಮೌಸಿನ ಬಾಣ ಅಲುಗಿತು. ಮುಖವಿಲ್ಲದವರು ಎದುರಿಗೆ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದರು. ಬಲ. ಯಾರ ಬಲ? ಕೈ ಹೋಯಿತು, ಒತ್ತಿತು. ಶಾಶ್ವತವಾಗಿ ತೆಗೆಯಲೇ ಎಂದು ಕೇಳಿತು. ಹೌದು. ಬೆನ್ನ ಹಿಂದೆ, ಯಾವಾಗಲೂ ಸಣ್ಣಗೆ ಗುಂಯ್ ಎನ್ನುತ್ತಿದ್ದ ಅರೆಯುವ ಮಶೀನು, ಯಾರೋ ಬಾಯಿ ಮುಚ್ಚಿಸಿದ ಹಾಗೆ ನಿಂತುಹೋಯಿತು.

ನಿಂತ ಮೇಲೆಯೇ ಅವನಿಗೆ ಗೊತ್ತಾದದ್ದು ಆ ಗುಂಯ್ ಇಷ್ಟು ವರ್ಷ ಕೇಳಿಸುತ್ತಿತ್ತೆಂದು. ಪರದೆಯಲ್ಲಿ ಎಡಗಡೆಯ ಕಿಟಕಿ ಖಾಲಿಯಾಗಿತ್ತು. ಬಲಗಡೆ ನೀಲಿ ದುಂಡು ಹಾಗೆಯೇ ಕೂತಿತ್ತು, ಒಂಟಿ ಗಾಜಿನ ಕನ್ನಡಕದ ಹಾಗೆ. ಹಿರೀಕರ ಡಬ್ಬಿಯ ಏಟು ಇಷ್ಟು ದಿನ ಕಾದು ಇವತ್ತು ಕೆಲಸ ಮಾಡಿತೇ? ಅಥವಾ ಅವಳ ತಾರೀಖು ಉಳಿಯಲಿ ಎಂದು ಕೈಗೆ ತಾನಾಗಿ ಅನ್ನಿಸಿತೇ? ಅಥವಾ, ಇದನ್ನು ಅವನು ಯೋಚಿಸಲಾರದೆ ಯೋಚಿಸಿದ, ಕಳ್ಳ ಮನೆಯಲ್ಲೇ ಇರಲಿ, ಇದ್ದಷ್ಟು ದಿನ ನನ್ನ ತಪ್ಪಿಗೆ ಹೆಸರೊಂದಿರುತ್ತದೆ ಎಂದೇ? ಮೂರರಲ್ಲಿ ಯಾವುದು ಎಂದು ಹುಡುಕಿ ನೋಡಿದರೆ, ನೋಡಿದ ಕಡೆಯೆಲ್ಲ ಅದೇ ಬೂದಿ ಬಣ್ಣ. ಒಳ್ಳೆಯವನಾಗಿ ಮಾಡಿದೆನೋ ಕೆಟ್ಟವನಾಗಿ ಮಾಡಿದೆನೋ ಎಂಬುದು ಮಾಡಿದವನಿಗೇ ತಿಳಿಯದೆ ಹೋಗುವುದುಂಟೇ? ಫೋನು ಅಣ್ಣಾ ಅಣ್ಣಾ ಎನ್ನುತ್ತಿತ್ತು. ಭಾವ ಪರದೆ ಕಿತ್ತುಬರುವ ಹಾಗೆ ಸರಿಸಿಕೊಂಡು ಬಂದ. “ಯಾಕೋ ಮಶೀನು ನಿಲ್ತು?” ಅವನ ಹಿಂದೆ ರೇಡಿಯೋ, ಅವಳ ಹಿಂದೆ, ಕೈಯಲ್ಲಿ ಟಾರ್ಚು ಹಿಡಿದುಕೊಂಡೇ, ಅಕ್ಕನ ಮಗಳು. ಬಂದವರು ಯಾರೋ ಫ್ರೇಮು ನೋಡಿ ಹೋಗಿದ್ದರು ಅಂತ ಕಾಣುತ್ತದೆ, ಅಂಗಡಿ ಖಾಲಿಯಾಗಿತ್ತು.

“ಸಾರ್, ಒಂದ್ನಿಮಿಷ, ನಾನು ಹೇಳ್ತೀನಿ, ಬೈಯೋದಾದ್ರೆ ಆಮೇಲೆ ಬೈರಿ” ಎಂದು ರೇಡಿಯೋ ಮಧ್ಯೆ ನುಗ್ಗಿದಳು. ದನಿ ವಾಪಸ್ಸು ಬಂದಿತ್ತು. “ಹನ್ನೊಂದನೇ ತಾರೀಖು ಮಂಗಳವಾರ ನಾನು ರಜ. ನಮ್ಮಮ್ಮನಿಗೆ ಹಲ್ಲು ಕೀಳಿಸಕ್ಕೆ ಕರ್ಕೊಂಡು ಹೋಗಿದ್ದೆ, ಎರಡು ಕೀಳ್ತೀನಿ ಅಂದು ನಾಲ್ಕು ಕಿತ್ತ ಆ ಡಾಕ್ಟ್ರು, ನಿಮ್ಗೇ ಫೋನ್ ಮಾಡಿ ಹೇಳಿದ್ನಲ್ಲ ಸಾರ್, ನಾಲ್ಕು ಹಲ್ಲು ಅಂತ! ಇದು ಬಂದಿರೋದು ಹನ್ನೊಂದು, ಮಧ್ಯಾಹ್ನ ಒಂದು ಇಪ್ಪತ್ತಕ್ಕೆ. ನೋಡಿ, ಇಲ್ಲೇ ಇದೆ, ಅಣ್ಣ ಇನ್ನೂ ತೆಗ್ದಿಲ್ಲ.” ಬಗ್ಗಿ ತೋರಿಸಿದಳು. ಭಾವನಿಗೆ ನಾಲ್ಕು ಹಲ್ಲು ನೆನಪಿತ್ತು, ಮುಖದಿಂದಲೇ ತಿಳಿಯುತ್ತಿತ್ತು. ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು, ಒರೆಸಲು ಏನೂ ಇಲ್ಲದೆ ಬೆರಳಿಗೆ ಸುತ್ತಿಕೊಂಡ. “ಮತ್ತೆ ಯಾರು?” ಎಂದ, ಯಾರನ್ನೂ ನೋಡದೆ. “ಯಾರಾದ್ರೂ ಆಗ್ಲಿ. ಮೂರು ಕನ್ನಡಕ ಕೆಟ್ಟಿದ್ದಂತೂ ಇದರಿಂದಾನೇ ತಾನೆ?” ಆಗ ಅಕ್ಕನ ಮಗಳು, ಟಾರ್ಚಿನ ಗುಂಡಿಯನ್ನು ಟಕಟಕ ಒತ್ತುತ್ತ, ಲೆಕ್ಕದ ಮೇಷ್ಟರಂತೆ ಮೆಲ್ಲಗೆ ಹೇಳಿದಳು. “ಇಲ್ಲ ಅಪ್ಪ. ಟೀಚರಮ್ಮಂದು ವಾಪಸ್ ಬಂದಿದ್ದು ಹೋದ ತಿಂಗಳು. ಅದಾದ ಮೇಲಿನ ಎರಡೂ ಈ ತಿಂಗಳು ಮೊದಲನೇ ವಾರ. ಇದು ಬಂದಿರೋದು ಹನ್ನೊಂದಕ್ಕೆ.” ಟಾರ್ಚು ಟಕ್ ಎಂದಿತು. ಅವಳು ಈಗ ತನ್ನನ್ನು ನೋಡುತ್ತಿದ್ದಾಳೆಂದು ಅವನಿಗೆ ತಿಳಿದದ್ದು ಅವಳ ಮುಖ ಕಂಡಿದ್ದರಿಂದಲ್ಲ, ಕಾಣದೆ ಹೋದದ್ದರಿಂದ. ತಲೆ ಓರೆ ಮಾಡಿದರೆ ಕಾಣುತ್ತಿತ್ತು, ಮಾಡಲಿಲ್ಲ.

“ಮಾವ” ಎಂದಳು, “ನೀನು ಯಾಕೆ ಈಗೀಗ ನನ್ನ ಕಿವಿ ನೋಡ್ಕೊಂಡು ಮಾತಾಡ್ತೀಯ?”

ಅದಕ್ಕೆ ಉತ್ತರವೆಂದು ಹೊರಟದ್ದು ಬಾಯಿಯಿಂದ ಬೇರೆಯೇ ಆಗಿ ಬಂತು. “ಡ್ರೈವರಂದು ಕೊಡಬೇಡಿ” ಎಂದ ಅವನು. “ಸಂಜೆ ಬರ್ತಾನೆ. ಆ ತಟ್ಟೆ. ಕೊಡಬೇಡಿ. ನಾನು ಗೆರೆ ನೋಡ್ದೆ ಇಟ್ಟಿದೀನಿ.” ಭಾವ, “ನೋಡ್ದೆ ಅಂದ್ರೆ?” ಎಂದ. “ನೋಡ್ದೆ ಅಂದ್ರೆ ನೋಡ್ದೆ. ಕಾಣ್ಲಿಲ್ಲ. ಇದನ್ನ ತಂದಿದ್ದೂ ನಾನೇ. ಕಣ್ಣು ಪರೀಕ್ಷೆ ಮಾಡ್ತೀನಿ ಅಂತು, ಬಾ ಅಂದೆ.” ನಾಚಿಕೆಯಿಂದ ಸತ್ತುಹೋಗುತ್ತೇನೆ ಎಂದು ಎರಡು ತಿಂಗಳಿಂದ ಅಂದುಕೊಂಡಿದ್ದ ಮಾತು ಹೊರಗೆ ಬಂದ ಮೇಲೆ ಎಷ್ಟು ಸಣ್ಣದಾಗಿತ್ತೆಂದರೆ ಅದನ್ನು ಇನ್ನೊಂದು ಸಲ ಹೇಳಬೇಕಾಯಿತು. ರೇಡಿಯೋ, “ಅಯ್ಯೋ ಅಣ್ಣಾ” ಎಂದಳು. ಅವಳ ಪರವಾಗಿ ಬೆಳಿಗ್ಗೆ ಒಂದು ಮಾತು ಆಡದವನಿಗೆ ಅವಳು ಅಯ್ಯೋ ಅನ್ನುತ್ತಿದ್ದಳು, ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭಾವ ಬಾಯಿ ತೆರೆದ, ಟ್ರಂಕು, ಸಾಮಾನು, ರಸೀತಿ, ಯಾವುದೋ ಒಂದು ಬರುತ್ತದೆಂದು ಇವನು ಕಾದ. ಬರಲಿಲ್ಲ. ಭಾವ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಡ್ರೈವರನ ತಟ್ಟೆಯ ಮೇಲೆ ಮುಚ್ಚಿದ. ಆಮೇಲೆ ಫೋನಿಗೆ ಬಗ್ಗಿ, “ಇದೀಯೇನಪ್ಪಾ? ಇಲ್ಲಿ ಬೇರೇದು ತೆಗೆದುಬಿಟ್ಟಿದಾರೆ, ಅಸಲಿದು” ಎಂದ. ಮೇಜಿನ ಕೆಳಗೆ ಮಲಗಿದ್ದವನು ನಕ್ಕ. “ಅಸಲಿಗೆ ಏನ್ ಸಾರ್, ಮಶೀನ್ ಜೊತೆ ಬಂದ ಡಿಸ್ಕ್ ಇರುತ್ತಲ್ಲ, ಮತ್ತೆ ಹಾಕಿದ್ರೆ ಬರುತ್ತೆ. ನಕಲೀನ ಮೊದ್ಲು ಕಳಿಸಿ.”

ಅಕ್ಕನ ಮಗಳ ಕಿಟಕಿಯಿಲ್ಲದ ಕೋಣೆಯಲ್ಲಿ ಕುರ್ಚಿಯ ಕೈಗಳು ಸವೆದು ನುಣುಪಾಗಿದ್ದವು. ಎಷ್ಟು ಜನರ ಭಯದ ಬೆವರೋ. ಇಷ್ಟು ವರ್ಷದಲ್ಲಿ ಅವನು ಈ ಕುರ್ಚಿಯ ತಿರುಪು ಬಿಗಿಮಾಡಿದ್ದ, ಕಾಲಿಗೆ ಎಣ್ಣೆ ಹಾಕಿದ್ದ, ಕೂತಿರಲಿಲ್ಲ. ಕೂತರೆ ಕೋಣೆಯೇ ತಿರುಗಿ ನಿಂತ ಹಾಗಾಯಿತು. ಬಾಗಿಲು ಇರಬೇಕಾದ ಕಡೆ ಗೋಡೆ, ಗೋಡೆಯ ಕಡೆ ಅಕ್ಕನ ಮಗಳು. ಅವಳು ಒಂದು ರಟ್ಟು ತೆಗೆದು ಅವನ ಎದುರು ಹಿಡಿದಳು, ಬರೀ ಚೌಕುಳಿ, ನಡುವೆ ಒಂದು ಚುಕ್ಕೆ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. “ಡಾಕ್ಟ್ರ ಹತ್ರ ಇವತ್ತೇ ಹೋಗ್ಬೇಕು, ಅದು ಬೇರೆ. ಮೊದ್ಲು ನಾನು ನೋಡ್ತೀನಿ. ಎಡಗಣ್ಣು ಮುಚ್ಕೋ ಮಾವ.” ಅವನ ಕೈ ಮೇಲೆದ್ದು, ಮುಖದ ಹತ್ತಿರ ಬಂದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೂಗಿನ ಮುಂದೆ ನಿಂತಿತು.

“ಯಾರ ಎಡ?” ಎಂದ.

ಹೊರಗೆ, ಪರದೆಯ ಆಚೆ, ರೇಡಿಯೋ ಫೋನಿನ ಜೊತೆ ಜೋರಾಗಿ ಮಾತಾಡುತ್ತಿದ್ದಳು. ಬಲಗಡೆದು, ಹೂಂ, ನನ್ನ ಬಲಗಡೆದೇ, ಊಟ ಮಾಡೋ ಕೈ ಕಡೇದು, ಒಂದೇ ಉಳಿದಿರೋದು ತಪ್ಪೋಕೆ ಹೆಂಗಾಗುತ್ತೆ, ಪೂರ್ತಿ ತೆಗೀಲಾ ಅಂತಿದೆ, ಹೌದು ಅಂದೆ. ಹೋಯ್ತು. ನೋಡಿ ಸಾರ್, ಹೋಯ್ತು.

“ನಿನ್ನದೇ ಮಾವ” ಎಂದಳು ಅಕ್ಕನ ಮಗಳು. ಅವಳ ದನಿ ಎಲ್ಲಿಂದ ಬಂತೋ ಆ ಕಡೆಗೇ ನೇರವಾಗಿ ನೋಡುತ್ತ, ಅವನು ತನ್ನ ಎಡಗಣ್ಣು ಮುಚ್ಚಿಕೊಂಡ. ಗೆರೆಗಳು ಅಂಚಿನಿಂದ ಹೊರಟು, ಬಾಗಿ, ನಡುವೆ ಬರುವಷ್ಟರಲ್ಲಿ ಇಲ್ಲವಾದವು.

“ಕಂಡಷ್ಟು ಹೇಳು. ಆತುರ ಬೇಡ.”

“ಸುತ್ತ ಎಲ್ಲಾ ಇದೆ” ಎಂದ ಅವನು. “ಚುಕ್ಕೆ ಇಲ್ಲ.”